ಕಡೀಲಿ ಬಿಡಿ

ಟೈಲರ ಕುಡಿಯುವುದನ್ನು ಬಿಟ್ಟ ಮೇಲೆ ಆ ಮನೆಯಲ್ಲಿ ಹೆಚ್ಚು ತೊಂದರೆಗೆ ಸಿಕ್ಕಿದವಳು ಅವನ ಹೆಂಡತಿ ಎಂದರೆ ಕೇಳಿದವರು ನಗಬಹುದು. ಆದರೆ ಆದದ್ದು ಹಾಗೆಯೇ. ಅವನು ಕುಡಿಯುತ್ತಿದ್ದ ಕಾಲದಲ್ಲಿ ತನ್ನ ಕೆಲಸ ಏನೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲು ತೆಗೆಯಬೇಕು, ಚಪ್ಪಲಿ ಬಿಚ್ಚಬೇಕು, ತಲೆಯ ಹತ್ತಿರ ಬಕೆಟ್ಟು ಇಡಬೇಕು, ಬೆಳಿಗ್ಗೆ ಗಿರಾಕಿ ಬಂದರೆ ‘ಅವರಿಗೆ ಜ್ವರ’ ಎನ್ನಬೇಕು. ಅವನು ಬಿಟ್ಟದ್ದೇ ಈ ಕೆಲಸಗಳೆಲ್ಲ ಒಮ್ಮೆಲೇ ನಿಂತುಹೋದವು. ಅವುಗಳ ಜಾಗದಲ್ಲಿ ಒಂದು ಫೋನು ಬಂದು ಕೂತಿತು.

ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಕಿಟಕಿಗೆ ಒಂದು ಮೆಷಿನ್ನು, ಗೋಡೆಗೆ ಒಂದು, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಪ್ಲೈವುಡ್ಡಿನ ಅಡ್ಡಗೋಡೆಯ ಆಚೆ ಅಡುಗೆಮನೆ, ಅದರ ಮೂಲೆಯಲ್ಲಿ ಅತ್ತೆಯ ಮಂಚ. ಮೇಲೆ ಮಗಳ ಕೋಣೆ. ಟೈಲರ ಕತ್ತರಿಸಿ ಹೊಲಿಯುತ್ತಿದ್ದ, ಹೆಂಡತಿ ಗುಂಡಿ ತೂರುವ ಸೀಳಿಗೆ ಕಾಜಾ ತೆಗೆದು ಗುಂಡಿ ಹಾಕುತ್ತಿದ್ದಳು. ಬೀದಿಯವರಿಗೆಲ್ಲ ಅವಳು ಕಾಜಾ ಅಕ್ಕ. ಅವಳು ತೆಗೆದ ಕಾಜಾ ಬಟ್ಟೆ ಹರಿದರೂ ಹರಿಯುವುದಿಲ್ಲ ಎಂದು ಹೆಸರಿತ್ತು.

ಫೋನಿನೊಳಗೆ ಆ ಗುಂಪನ್ನು ಹಾಕಿಕೊಟ್ಟವಳು ಮಗಳು. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸ ಮಾಡುತ್ತಿದ್ದಳು. ಎಲ್ಲೋ ಹುಡುಕಿ, ಕುಡಿತ ಬಿಟ್ಟವರೂ ಬಿಡಬೇಕೆನ್ನುವವರೂ ಸೇರಿ ಮಾತಾಡುವ ಒಂದು ಗುಂಪನ್ನು ಹಿಡಿದಿದ್ದಳು. ಒಬ್ಬರ ಊರು ಇನ್ನೊಬ್ಬರಿಗೆ ಗೊತ್ತಿಲ್ಲ. ಒಬ್ಬರನ್ನೊಬ್ಬರು ಕರೆಯುವುದು ಮಾಡುವ ಕೆಲಸದ ಮೇಲೆ. ಗುಂಪು ನಡೆಸುವವಳು ಕೆಲಸದಿಂದ ನಿವೃತ್ತಳಾದ ಟೀಚರಮ್ಮ. ದೊಡ್ಡ ಆಫೀಸಿನಲ್ಲಿ ಲಿಫ್ಟು ನಡೆಸುವವನು ಲಿಫ್ಟಣ್ಣ. ಒಬ್ಬ ಬೇಕರಿಯವನು. ಹೀಗೆ ಇನ್ನೂ ಕೆಲವರು. ಇವನು ಟೈಲರಣ್ಣ.

ಸಂಜೆ ದೀಪ ಹಾಕುವ ಹೊತ್ತಿಗೆ ಅಂಗಡಿಯ ಶಟರು ಅರ್ಧ ಇಳಿಸಿ, ಫೋನನ್ನು ದಾರ ಸುತ್ತಿದ ಬಾಬಿನ್‌ಗಳ ಡಬ್ಬಿಗೆ ಒರಗಿಸಿಕೊಂಡು ಅವನು ಕೂರುತ್ತಿದ್ದ.

“ಫೋನಿನ ನೆಂಟರು ಬಂದ್ರೇನೋ?” ಎಂದು ಅತ್ತೆ ಮಂಚದಿಂದಲೇ ಕೇಳುತ್ತಿದ್ದಳು. “ಅವರಿಗೂ ಚಹಾ ಇಡು ಅನ್ನು ನಿನ್ನ ಹೆಂಡ್ತಿಗೆ.”

“ಅಮ್ಮಾ, ಸ್ವಲ್ಪ ಮೆತ್ತಗೆ. ಅವರಿಗೆ ಕೇಳುತ್ತೆ.”

“ಕೇಳಲಿ. ನೀನು ಬೀದಿ ತುಂಬ ಹಾಡ್ಕೊಂಡು ಬರ್ತಿದ್ದಾಗ ನಾನು ಮೆತ್ತಗೆ ಅಂದ್ನಾ?”

ಅವನು ನಕ್ಕು ಸುಮ್ಮನಾಗುತ್ತಿದ್ದ. ಆ ನಗುವೇ ಕಾಜಾ ಅಕ್ಕನಿಗೆ ಹೊಸದು. ಅಡ್ಡಗೋಡೆಯ ಈಚೆ ಆಲೂಗಡ್ಡೆ ಹೆಚ್ಚುತ್ತ ಅವಳು ಕೇಳಿಸಿಕೊಳ್ಳುತ್ತಿದ್ದಳು. ಮನೆಯಲ್ಲಿ ‘ಹೂಂ’, ‘ಸಾಕು’, ‘ಉಪ್ಪು’ ಎಂಬ ಮಾತುಗಳಲ್ಲೇ ದಿನ ಕಳೆಯುತ್ತಿದ್ದವನು ಅಲ್ಲಿ ಕಥೆ ಹೇಳುತ್ತಿದ್ದ. ಬೇಕರಿಯವನ ಕೆಮ್ಮು ವಿಚಾರಿಸುತ್ತಿದ್ದ. ಒಮ್ಮೆ ಅತ್ತ ಹಾಗೂ ಕೇಳಿಸಿತು. ಅವಳ ಮುಂದೆ ಅವನು ಅತ್ತದ್ದೇ ಇಲ್ಲ. ಅತ್ತಿದ್ದರೂ ಕುಡಿದು ಅತ್ತದ್ದು, ಅದು ಲೆಕ್ಕಕ್ಕಿಲ್ಲ.

“ನಿಮ್ಮಪ್ಪನಿಗೆ ಮಾತು ಬರುತ್ತೆ ಅಂತ ಈಗ ಗೊತ್ತಾಯ್ತು ನನಗೆ,” ಎಂದು ಮಗಳಿಗೆ ಹೇಳಿದಳು.

“ಕುಡೀತಿಲ್ಲ ಅಲ್ವಾಮ್ಮ. ಇನ್ನೇನು ಬೇಕು ನಿನಗೆ?”

ಇನ್ನೇನು ಬೇಕೆಂದು ಅವಳಿಗೂ ತಿಳಿಯಲಿಲ್ಲ. ಆಲೂಗಡ್ಡೆಯನ್ನು ಮತ್ತಷ್ಟು ಸಣ್ಣಗೆ ಹೆಚ್ಚಿದಳು.

ಅವಳಿಗೆ ಆಮೇಲೆ ತಿಳಿದ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಗುಂಪಿಗೆ ಸೇರಿದ ಹೊಸದರಲ್ಲಿ, ಕುಡಿಯಬೇಕು ಅನ್ನಿಸಿದಾಗ ಹೇಗಾಗುತ್ತದೆ ಎಂದು ಟೀಚರಮ್ಮ ಕೇಳಿದ್ದಳು. ಟೈಲರ ತನಗೆ ಗೊತ್ತಿದ್ದನ್ನೇ ಹೇಳಿದ್ದ: “ಮೆಷಿನ್ನಿನಲ್ಲಿ ದಾರ ಕಡಿಯೋಕೆ ಮುಂಚೆ ಒಂದು ಸದ್ದು ಬರುತ್ತಮ್ಮ. ಆಗಲೇ ಕಾಲು ನಿಲ್ಲಿಸಿದ್ರೆ ಬಚಾವು. ಕಡಿದ ಮೇಲೆ ಸೂಜಿಗೆ ಮತ್ತೆ ಮೊದಲಿಂದ ಪೋಣಿಸಬೇಕು.” ಆ ಮಾತು ಎಲ್ಲರಿಗೂ ಹಿಡಿಸಿತು. ಅಂದಿನಿಂದ ಗುಂಪಿನಲ್ಲಿ ಅದೇ ರೂಢಿ. ಯಾರಿಗಾದರೂ ತಡೆಯಲಾಗದ ಹಾಗಾದರೆ ಇನ್ನೊಬ್ಬರಿಗೆ ‘ದಾರ ಕಡೀತಿದೆ’ ಎಂದು ಬರೆಯುವುದು. ಅದು ತಲುಪಿದವರು ಕೈಲಿದ್ದ ಕೆಲಸ ಬಿಟ್ಟು ಕೂಡಲೇ ಫೋನು ಮಾಡುವುದು. ಏನಾದರೂ ಮಾತಾಡುವುದು, ಹೊತ್ತು ದಾಟುವ ತನಕ.

ಅಂಗಡಿಗೆ ಬರುವ ಸಂದೇಶಗಳನ್ನು ಮೊದಲಿನಿಂದಲೂ ನೋಡಿಕೊಳ್ಳುತ್ತಿದ್ದವಳು ಕಾಜಾ ಅಕ್ಕ. ಕುಡಿತದ ದಿನಗಳಲ್ಲಿ ಅವನ ಕೈಗೆ ಫೋನು ಕೊಟ್ಟರೆ ಗಿರಾಕಿ ಉಳಿಯುತ್ತಿರಲಿಲ್ಲ. ‘ಪ್ಯಾಂಟು ಆಯ್ತಾ’ ಎಂದು ಬಂದರೆ ‘ನಾಳೆ’ ಎನ್ನುವುದು, ‘ಸಡಿಲ ಆಯ್ತು’ ಎಂದು ಬಂದರೆ ‘ತನ್ನಿ’ ಎನ್ನುವುದು. ಬಿಟ್ಟ ಮೇಲೂ ಆ ಅಭ್ಯಾಸ ಹಾಗೇ ನಡೆದಿತ್ತು. ಗಿರಾಕಿಗಳ ನಂಬರನ್ನು ಅವನು ಬಟ್ಟೆಯ ಹೆಸರಲ್ಲೇ ಬರೆದಿಡುತ್ತಿದ್ದ: ಬೂದು ಕೋಟು, ಶಾಲೆ ಲಂಗ, ಕುಳ್ಳ ಪ್ಯಾಂಟು.

ಆ ದಿನ ಅವಳು ಮಗಳ ಕ್ಲಿನಿಕ್ಕಿಗೆ ಹೋಗಿ ದವಡೆ ಹಲ್ಲು ಕೀಳಿಸಿಕೊಂಡು ಬಂದಿದ್ದಳು. ಕೆನ್ನೆ ಬ್ರೆಡ್ಡಿನ ಉಂಡೆಯ ಹಾಗೆ ಊದಿತ್ತು. ಬಾಯಲ್ಲಿ ಹತ್ತಿ. ಹಾಗೇ ಒಲೆ ಹಚ್ಚಿ ಅನ್ನ ಬೇಳೆ ಮಾಡಿ ಬಡಿಸಿದಳು. ಟೈಲರ ತಲೆ ತಗ್ಗಿಸಿ ಉಂಡ. “ಬೇಳೆ ನೀರಾಯ್ತು,” ಎಂದ. ಕೈ ತೊಳೆದು, ಹೋಟೆಲಿನವರ ಯೂನಿಫಾರಂ ಕಟ್ಟನ್ನು ಸೈಕಲ್ಲಿಗೆ ಹೇರುತ್ತ ಫೋನಿನಲ್ಲಿ ಬೇಕರಿಯವನನ್ನು ಕೇಳಿದ: “ಕೆಮ್ಮು ಹೇಗಿದೆ ಈಗ? ಬಿಸಿನೀರು ಕುಡೀತಿದ್ದೀರಾ?”

ಫೋನನ್ನು ಚಾರ್ಜಿಗೆ ಹಾಕಿ ಅವನು ಹೊರಟುಹೋದ. ಅವಳು ಕಿಟಕಿಯ ಬೆಳಕಿಗೆ ಕೂತು ಗುಂಡಿ ಹಾಕತೊಡಗಿದಳು. ಅತ್ತೆ ಅಲ್ಲೇ ಹೊಸ್ತಿಲಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಫೋನು ಗುರುಗುಟ್ಟಿತು.

‘ಅಣ್ಣಾ ದಾರ ಕಡೀತಾ ಇದೆ.’

ಮೇಲೆ ಹೆಸರು ‘ಲಿಫ್ಟ್’ ಎಂದಿತ್ತು. ಲಿಫ್ಟನ್ನು ಯಾರೂ ಹೊಲಿಸಿಕೊಳ್ಳುವುದಿಲ್ಲ. ಅಷ್ಟು ಅವಳು ಕಂಡಳು. ಇದು ಆ ನೆಂಟರಲ್ಲಿ ಒಬ್ಬನದು ಎಂದೂ ಅನ್ನಿಸಿತು. ಹೊಲಿಗೆಯ ವಿಷಯವೇ ಇರಬೇಕು, ಹೆಂಡತಿಯ ಹಲ್ಲಿನ ಗೋಜಿಲ್ಲದವನಿಗೆ ಇವರ ದಾರದ ಚಿಂತೆ ಬೇರೆ, ಎಂದುಕೊಂಡಳು. ಹಲ್ಲಿನ ಗುಂಡಿಯಲ್ಲಿ ನೋವು ಟಕಟಕ ಬಡಿಯುತ್ತಿತ್ತು. ಒಂದು ಕೈಲಿ ಸೂಜಿ ಹಿಡಿದು ಇನ್ನೊಂದು ಕೈಯ ಹೆಬ್ಬೆರಳಲ್ಲಿ ಬರೆದಳು:

‘ಕಡೀಲಿ ಬಿಡಿ. ನಾಳೆ ನೋಡೋಣ.’

ಆಚೆಯಿಂದ ಮತ್ತೆ ಏನೂ ಬರಲಿಲ್ಲ. ಅವಳು ಉಳಿದ ಗುಂಡಿಗಳನ್ನು ಹಾಕಿ ಮುಗಿಸಿದಳು.

ಮರುದಿನ ಸಂಜೆ ಶಟರು ಅರ್ಧ ಇಳಿದ ಮೇಲೆ ಆಚೆ ಕಡೆ ನಗು ಕೇಳಲಿಲ್ಲ. ಟೀಚರಮ್ಮನ ದನಿ ಒಂದೇ ಕೇಳುತ್ತಿತ್ತು.

“ಲಿಫ್ಟಣ್ಣ ಆಸ್ಪತ್ರೆಯಲ್ಲಿದ್ದಾರೆ. ನಿನ್ನೆ ಡ್ಯೂಟಿ ನಡುವೆಯೇ ಹೋಗಿ ಕುಡಿದ್ರಂತೆ. ಮೆಟ್ಟಿಲ ಮೇಲೆ ಬಿದ್ದು ಕೈ ಮುರಿದಿದೆ. ಕೆಲಸದಿಂದ ತೆಗೆದ್ರಂತೆ. ಟೈಲರಣ್ಣಾ, ನಿಮಗೆ ಬರೆದಿದ್ದೆ ಅಂದ್ರು ಅವರ ತಂಗಿ ಹತ್ರ. ನಿಜವಾ?”

“ನನಗಾ? ಇಲ್ಲಮ್ಮ. ಬಂದಿದ್ರೆ ನಾನು ಬಿಡ್ತಿದ್ನಾ?”

“ಒಂದ್ಸಲ ನೋಡಿ.”

ಕಾಜಾ ಅಕ್ಕ ಒಲೆಯ ಉರಿ ತಗ್ಗಿಸಿದಳು. ಬೇರೆ ಏನೂ ಕೇಳಿಸದ ಹಾಗೆ ಪಾತ್ರೆ ಉಜ್ಜಬೇಕೆನಿಸಿತು, ಆದರೆ ಕೈ ಏಳಲಿಲ್ಲ.

“ಬಂದಿದೆ,” ಎಂದ ಟೈಲರ. “ಉತ್ತರಾನೂ ಹೋಗಿದೆ. ‘ಕಡೀಲಿ ಬಿಡಿ’ ಅಂತ.”

“ನೀವು ಬರೆದ್ರಾ?”

“ನಂಗೆ ನೆನಪಿಲ್ಲಮ್ಮ.” ಕೊನೆಗೆ, “ನಾನೇ ಇರಬೇಕು,” ಎಂದ.

ಈ ಮಾತು ಆ ಮನೆಯಲ್ಲಿ ಹಳೆಯದು. ಕುಡಿದ ರಾತ್ರಿಯದು ಅವನಿಗೆ ಬೆಳಿಗ್ಗೆ ನೆನಪಿರುತ್ತಿರಲಿಲ್ಲ. ಒಡೆದದ್ದು, ಚೆಲ್ಲಿದ್ದು, ಅಂದದ್ದು, ಯಾವುದನ್ನು ಕೇಳಿದರೂ ಅವನು ತಲೆ ತಗ್ಗಿಸಿ ‘ನಾನೇ ಇರಬೇಕು’ ಎನ್ನುತ್ತಿದ್ದ. ಅವನ ಮೇಲೆ ಹಾಕಿದ್ದು ಅವನ ಮೇಲೆ ಕೂರುತ್ತಿತ್ತು. ಯಾರು ಏನು ಅಂದರೂ ಅದೇ ನಿಜವಾಗುತ್ತಿತ್ತು. ಕುಡಿತ ಬಿಟ್ಟರೂ ಆ ಅಭ್ಯಾಸ ಬಿಟ್ಟಿರಲಿಲ್ಲ.

ಆಗಲೇ ಅವಳು ಅಡ್ಡಗೋಡೆ ದಾಟಿ ಹೋಗಿ ಹೇಳಬಹುದಿತ್ತು. ನಾಲ್ಕು ಹೆಜ್ಜೆಯ ದಾರಿ. ಅನ್ನ ತಳ ಹಿಡಿಯುತ್ತದೆ ಎಂದು ಪಾತ್ರೆ ಇಳಿಸಿದಳು. ಇಳಿಸಿದ ಮೇಲೆ ಮುಚ್ಚಳ ಹುಡುಕಿದಳು. ಅಷ್ಟರಲ್ಲಿ ಅವನೇ ಒಳಗೆ ಬಂದ.

“ಊಟ?” ಎಂದಳು.

“ಬೇಡ.”

“ಏನಾಯ್ತು?”

“ಏನಿಲ್ಲ. ತಲೆ ಸರಿ ಇಲ್ಲ ನಂದು.” ತನ್ನ ತಲೆಯನ್ನು ತಾನೇ ಬೆರಳಲ್ಲಿ ಕುಟ್ಟಿಕೊಂಡ. “ಕುಡಿದಾಗ ನೆನಪಿರ್ತಿರಲಿಲ್ಲ, ಸರಿ. ಈಗ ಕುಡೀದೇನೂ ನೆನಪಿಲ್ಲ.”

ಅಂದಿನಿಂದ ಶಟರು ಸಂಜೆ ಅರ್ಧ ಇಳಿಯಲಿಲ್ಲ. ಪೂರ್ತಿ ಇಳಿಯಿತು. ಅವನು ಗುಂಪಿನ ಕಡೆ ಮುಖ ಹಾಕಲಿಲ್ಲ. ಟೀಚರಮ್ಮನ ಫೋನು ಬಂದರೆ ಅದನ್ನು ಬಟ್ಟೆಯ ತುಂಡುಗಳ ಕೆಳಗೆ ತಳ್ಳುತ್ತಿದ್ದ. ಅದು ಅಲ್ಲೇ ಗುರುಗುಟ್ಟಿ ಸುಮ್ಮನಾಗುತ್ತಿತ್ತು.

ಕಾಜಾ ಅಕ್ಕ ಅವನ ತಟ್ಟೆಗೆ ಮೊಟ್ಟೆ ಹಾಕಿದಳು. ಮರುದಿನವೂ ಹಾಕಿದಳು. ಕೇಳದೆ ಚಹಾ ತಂದಿಟ್ಟಳು. ಅವನ ಅಂಗಿಗಳ ಸಡಿಲ ಗುಂಡಿಗಳನ್ನೆಲ್ಲ ಬಿಗಿ ಮಾಡಿದಳು.

“ಏನಮ್ಮಾ ಸಮಾಚಾರ? ಅಳಿಯ ಬಂದ ಹಾಗೆ ಉಪಚಾರ ನಡೀತಿದೆ,” ಎಂದು ಅತ್ತೆ ಕೇಳಿದಳು.

“ಸೊರಗಿದ್ದಾರೆ ಅಲ್ವಾ ಅತ್ತೆ. ಅದಕ್ಕೆ.”

“ಹೌದು, ಸೊರಗಿದ್ದಾನೆ.” ಅತ್ತೆ ಅವಳ ಮುಖವನ್ನೇ ನೋಡಿದಳು. ಅತ್ತೆ ಇನ್ನೇನೂ ಅನ್ನದೆ ಬಿಟ್ಟದ್ದು ಅವಳಿಗೆ ಕೆಟ್ಟದೆನಿಸಿತು.

ಒಂದು ವಾರ ದಾಟಿ ಇನ್ನೊಂದು ಹಿಡಿಯಿತು. ಟೈಲರನ ಕೈ ತಪ್ಪತೊಡಗಿತು. ಬ್ಯಾಂಕಿನವನೊಬ್ಬನ ಕೋಟಿಗೆ ಎರಡೂ ಎಡ ತೋಳುಗಳನ್ನೇ ಕತ್ತರಿಸಿಟ್ಟ. ಅತ್ತೆ ಅವನ್ನು ಎತ್ತಿ ಹಿಡಿದಳು.

“ಎರಡೂ ಎಡಗೈ. ಯಾರಪ್ಪ ಈ ಪುಣ್ಯಾತ್ಮ?”

ಟೈಲರ ಆ ತೋಳುಗಳನ್ನು ಕಿತ್ತುಕೊಂಡು ಮೇಜಿನ ಕೆಳಗೆ ಎಸೆದ. “ನಾನು ಯಾವ ಕೆಲಸಕ್ಕೂ ಬಾರದವನು ಅಂತ ಹೇಳೋಕೆ ಇಷ್ಟುದ್ದ ಯಾಕೆ ಹೋಗ್ತೀಯಮ್ಮ? ಒಬ್ಬನ ಕೈ ಮುರಿಸಿದವನು ನಾನು. ನಂಬಿ ಬರೆದಿದ್ದ ಅವನು ನನಗೆ.”

“ಅಪ್ಪ, ನೀನು ಬರೆದಿರಲ್ಲ ಅದನ್ನ,” ಎಂದಳು ಮಗಳು. ಕ್ಲಿನಿಕ್ಕಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಳು. “ನೀನು ಯಾವಾಗ ಬರೆದ್ರೂ ‘ಸರಿ’ ಅಂತ ಮೊದಲು ಹಾಕ್ತೀಯ. ನನಗೆ ಬಂದಿರೋವೆಲ್ಲ ಹಾಗೇ. ‘ಸರಿ ಬಾ’, ‘ಸರಿ ತಾ’. ಇದು ನಿನ್ನ ಮಾತೇ ಅಲ್ಲ.”

“ಇನ್ಯಾರು ಬರೀತಾರೆ? ಗೋಡೆ ಬರೆಯುತ್ತಾ?”

ಮಗಳು ಬಾಚಣಿಗೆ ಹಿಡಿದೇ ತಾಯಿಯ ಹಿಂದೆ ಅಡುಗೆಮನೆಗೆ ಬಂದಳು.

“ಅಮ್ಮ, ನೀನು ಮುಟ್ಟಿದ್ಯಾ ಅವತ್ತು ಫೋನು?”

“ನಾನ್ಯಾಕೆ ಮುಟ್ಲಿ? ಹಲ್ಲು ಕಿತ್ತಿಸ್ಕೊಂಡು ಬಂದು ಬಿದ್ಕೊಂಡಿದ್ದೆ. ನೀನೇ ಕರ್ಕೊಂಡು ಬಂದು ಬಿಟ್ಟೆಯಲ್ಲ.”

“ಬಿದ್ಕೊಂಡಿದ್ರೆ ಅಡುಗೆ ಯಾರು ಮಾಡಿದ್ರು?”

“ಏನೇ ಇದು, ಪೊಲೀಸಿನವಳ ಹಾಗೆ? ಹೋಗು, ಬಸ್ಸು ತಪ್ಪುತ್ತೆ.”

ಮಗಳು ಹೋದಳು. ಮಂಚದ ಮೇಲಿಂದ ಅತ್ತೆ, ಯಾರಿಗೂ ಅಲ್ಲವೆಂಬಂತೆ, “ಹುರುಳಿಕಾಯಿ ಇತ್ತು ಅವತ್ತು,” ಎಂದಳು. “ನಾನು ನಾರು ತೆಗೀತಿದ್ದೆ. ನೀನು ಒಂದು ಕೈಲಿ ಸೂಜಿ, ಒಂದು ಕೈಲಿ ಫೋನು.”

ಕಾಜಾ ಅಕ್ಕ ಮಂಚದ ಹತ್ತಿರ ಬಂದಳು. “ಅತ್ತೆ, ದಮ್ಮಯ್ಯ. ಹೇಳಬೇಡಿ.”

“ನಾನ್ಯಾಕೆ ಹೇಳ್ಲಿ? ನಿನಗೆ ಬಾಯಿಲ್ವಾ? ಇಷ್ಟು ದಿನ ನನ್ನ ಮಗನ ಮೇಲೆ ನಾಲಿಗೆ ಹರಿಬಿಡ್ತಿದ್ದದ್ದು ಅದೇ ಬಾಯಲ್ವಾ?”

“ಹೇಗೆ ಹೇಳ್ಲಿ? ಮೊದಲ ದಿನಾನೇ ಹೇಳಿದ್ರೆ ಹೇಳಬಹುದಿತ್ತು. ಈಗ ಹೇಳಿದ್ರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಅಂತಾರೆ.”

“ಅಂತಾನೆ. ಅನ್ನಿಸ್ಕೋ. ನಾಳೆ ಹೇಳಿದ್ರೆ ಇನ್ನೂ ಒಂದು ದಿನ ಜಾಸ್ತಿ ಅನ್ನಿಸ್ಕೋತೀಯ.” ಅತ್ತೆ ಗೋಡೆಯ ಕಡೆ ಹೊರಳಿಕೊಂಡಳು.

ಆ ಮಧ್ಯಾಹ್ನ, ಟೈಲರ ಗುಂಡಿ ಪ್ಯಾಕೆಟ್ಟು ತರಲು ಹೋದಾಗ, ಅವಳು ಬಟ್ಟೆ ತುಂಡುಗಳ ಕೆಳಗಿನಿಂದ ಫೋನು ತೆಗೆದು ‘ಲಿಫ್ಟ್’ ಎಂಬುದನ್ನು ಒತ್ತಿದಳು. ಒಬ್ಬ ಹೆಂಗಸು ಎತ್ತಿದಳು. ಹಿಂದೆ ಕುಕ್ಕರು ಕೂಗುತ್ತಿತ್ತು.

“ಅಣ್ಣ ಯಾರ ಹತ್ರಾನೂ ಮಾತಾಡ್ತಿಲ್ಲ. ಬಲಗೈಯೇ ಮುರಿದಿರೋದು. ನಾನೇ ಉಣ್ಣಿಸ್ತಿದ್ದೀನಿ. ಐವತ್ತು ದಾಟಿದ ಗಂಡಸಿಗೆ ತಂಗಿ ಕೈಲಿ ಉಣ್ಣೋದು ಅಂದ್ರೆ ಕಷ್ಟ ಅಲ್ವಾ? ತಲೆ ಎತ್ತಲ್ಲ. ನೀವು ಯಾರು?”

ಕಾಜಾ ಅಕ್ಕ ಬಾಯಿ ತೆರೆದಳು.

“ರಾಂಗ್ ನಂಬರ್,” ಎಂದು ಇಟ್ಟುಬಿಟ್ಟಳು.

ಆ ಸಂಜೆ ಉಣ್ಣುವಾಗ ಅವಳಿಗೆ ತುತ್ತು ಎತ್ತಲಾಗಲಿಲ್ಲ. ಹಲ್ಲು ನೋವೆಂದಳು. ಹಲ್ಲಿನ ಗುಂಡಿ ಆಗಲೇ ಮಾಗಿತ್ತು. ಟೈಲರ ಆಗ ಮೊದಲ ಸಲ ತಲೆಯೆತ್ತಿ ನೋಡಿದ.

“ಹಲ್ಲು ಕಿತ್ತಿಸ್ಕೊಂಡ್ಯಾ? ಯಾವಾಗ?”

ಅವಳಿಗೆ ಅಳು ಬಂತೋ ನಗು ಬಂತೋ ಗೊತ್ತಾಗಲಿಲ್ಲ. ಎದ್ದು ನೀರು ತರಲು ಹೋದಳು.

ಮಾರನೆಯ ವಾರ ಒಂದು ಸಂಜೆ, ಶಟರು ಇಳಿಸಿದ ಮೇಲೆ, ಟೈಲರ ಸ್ನಾನ ಮಾಡಿ ಬಂದು ಕಂದು ಬಣ್ಣದ ಅಂಗಿ ಹಾಕಿಕೊಂಡ. ಆ ಅಂಗಿಯನ್ನು ಅವಳು ಕಪಾಟಿನ ತೀರ ಅಡಿಯಲ್ಲಿ ಮಡಿಸಿಟ್ಟಿದ್ದಳು. ಕಲೆ ಬಿದ್ದರೆ ಕಾಣುವುದಿಲ್ಲ ಎಂದು ಕುಡಿಯಲು ಹೋಗುವಾಗೆಲ್ಲ ಅವನು ಹಾಕುತ್ತಿದ್ದದ್ದು ಅದೇ. ಹುಡುಕಿ ತೆಗೆದಿದ್ದ. ಕೊನೆಯ ಗುಂಡಿಯ ತನಕ ಹಾಕಿಕೊಂಡ.

“ಎಲ್ಲಿಗೆ?” ಎಂದಳು.

“ಸ್ವಲ್ಪ ಗಾಳಿಗೆ.”

ಅತ್ತೆ ಮಂಚದ ಮೇಲೆ ಎದ್ದು ಕೂತಳು. ಮಗಳು ಇನ್ನೂ ಬಂದಿರಲಿಲ್ಲ. ಟೈಲರ ಚಪ್ಪಲಿ ಹಾಕಿಕೊಂಡು, ಶಟರನ್ನು ಅರ್ಧ ಎತ್ತಿ ಅದರ ಕೆಳಗೆ ಬಗ್ಗಿದ. ಅವನ ಬೆನ್ನು ಅರ್ಧ ಆಚೆ, ಅರ್ಧ ಈಚೆ ಇದ್ದಾಗ ಅವಳು ಹೇಳಿದಳು:

“ಅದು ನಾನು ಬರೆದದ್ದು.”

ಅವನು ಬಗ್ಗಿದ ಹಾಗೇ ನಿಂತ. ಆಮೇಲೆ ಹಿಂದಕ್ಕೆ ಬಂದು ನೆಟ್ಟಗಾದ.

“ಯಾವುದು?”

“‘ಕಡೀಲಿ ಬಿಡಿ’ ಅಂತ. ನಾನು ಬರೆದದ್ದು. ಗಿರಾಕಿ ಅಂದ್ಕೊಂಡೆ.”

ಅವನು ಕತ್ತರಿಸುವ ಮೇಜಿಗೆ ಒರಗಿದ. ಅಳತೆ ಟೇಪನ್ನು ಕೈಗೆ ತೆಗೆದುಕೊಂಡು ಸುತ್ತಿದ, ಬಿಚ್ಚಿದ.

“‘ಲಿಫ್ಟ್’ ಅಂತ ಹೆಸರಿತ್ತಲ್ಲ.”

ಅವಳು ನೆಲ ನೋಡಿದಳು.

“ಓದೋಕೆ ಬರುತ್ತಲ್ಲ ನಿನಗೆ. ಲಿಫ್ಟ್ ಅಂತ ಬಟ್ಟೆ ಯಾವುದು?”

“ಯಾವುದೂ ಅಲ್ಲ.” ಅವಳು ತಲೆಯೆತ್ತಿದಳು. “ನಿಮ್ಮ ಗುಂಪಿನವನು ಅಂತ ಗೊತ್ತಿತ್ತು. ಆ ಮಾತಿನ ಅರ್ಥ ಗೊತ್ತಿರಲಿಲ್ಲ, ಅದು ಸತ್ಯ. ಹೊಲಿಗೆದೇ ಅಂದ್ಕೊಂಡೆ. ಆದ್ರೆ ಗಿರಾಕಿ ಅಂದ್ಕೊಂಡಿದ್ರೆ ಹಾಗೆ ಬರೀತಿರಲಿಲ್ಲ. ಗಿರಾಕಿಗೆ ಯಾವತ್ತೂ ‘ತನ್ನಿ, ಹೊಲಿದು ಕೊಡ್ತೀವಿ’ ಅಂತೀನಿ. ಸಿಟ್ಟಿತ್ತು. ಅವರ ಮೇಲಲ್ಲ.”

“ನನ್ನ ಮೇಲೆ.”

“ಹೂಂ.”

“ನಾನು ಕುಡಿಯದೇ ಇರೋದಕ್ಕೆ?”

“ಅಲ್ಲ. ಬೇಕರಿಯವನ ಕೆಮ್ಮು ಕೇಳಿದ್ದಕ್ಕೆ.”

ಮಂಚದ ಮೇಲೆ ಅತ್ತೆ ಮೂಗಿನಲ್ಲಿ ಒಂದು ಸದ್ದು ಮಾಡಿದಳು. ಟೈಲರ ಅತ್ತ ತಿರುಗಲಿಲ್ಲ. ಹೆಂಡತಿಯನ್ನೇ ನೋಡುತ್ತಿದ್ದ.

“ಇಷ್ಟು ದಿನ. ನಾನು ಹುಚ್ಚು ಹಿಡಿದವನ ಹಾಗೆ ನನ್ನ ತಲೆ ನಾನೇ ಕುಟ್ಕೊಂಡು ಓಡಾಡ್ತಿದ್ದೆ. ನೋಡ್ತಿದ್ದೆ ನೀನು. ಮೊಟ್ಟೆ ಬೇಯಿಸಿ ಹಾಕ್ತಿದ್ದೆ.”

ಅವನು ಶಟರಿನ ಕಡೆ ಒಂದು ಸಲ ನೋಡಿದ. ಆಚೆ ಬೀದಿ ದೀಪ ಹತ್ತಿತ್ತು. ಅವನು ಹೋದರೆ ಅದೂ ತನ್ನ ತಲೆಗೇ, ಎಂದು ಅವಳು ಕಾದಳು. ಅವನು ಚಪ್ಪಲಿ ಬಿಚ್ಚಿದ. ಬಟ್ಟೆ ತುಂಡುಗಳ ಕೆಳಗಿನಿಂದ ಫೋನು ತೆಗೆದು ಒರೆಸಿ, ಬಾಬಿನ್ ಡಬ್ಬಿಗೆ ಒರಗಿಸಿ, ಅದರ ಮುಂದಿನ ಸ್ಟೂಲನ್ನು ಕಾಲಲ್ಲಿ ಅವಳ ಕಡೆಗೆ ತಳ್ಳಿದ.

“ಕೂತ್ಕೋ. ಈಗ ನಡೀತಿರುತ್ತೆ. ನೀನೇ ಹೇಳು.”

“ನಾನಾ? ಅಷ್ಟು ಜನರ ಮುಂದೆ?”

“ನಾನು ಅಷ್ಟು ಜನರ ಮುಂದೆಯೇ ಒಪ್ಕೊಂಡೆನಲ್ಲ.”

ಫೋನಿನಲ್ಲಿ ಚೌಕ ಚೌಕವಾಗಿ ಮುಖಗಳು ಬಂದವು. ಅವಳು ಅಡ್ಡಗೋಡೆಯ ಆಚೆಯಿಂದ ದನಿ ಕೇಳಿ ಏನೇನೋ ಊಹಿಸಿಕೊಂಡಿದ್ದಳು. ಟೀಚರಮ್ಮ ತೆಳ್ಳಗಿರಬಹುದೆಂದಿದ್ದಳು, ಆಕೆ ದಪ್ಪಗಿದ್ದಳು. ಬೇಕರಿಯವನು ಇನ್ನೂ ಚಿಕ್ಕವನು, ಅವಳ ಮಗಳ ವಯಸ್ಸು. ಕೆಳಗಿನ ಒಂದು ಚೌಕದಲ್ಲಿ ಗಡ್ಡ ಬಿಟ್ಟ ಒಬ್ಬ ಗಂಡಸು, ಕುತ್ತಿಗೆಯಿಂದ ಜೋತುಬಿದ್ದ ಬಿಳಿ ಪಟ್ಟಿಯಲ್ಲಿ ಕೈ.

“ಅಯ್ಯೋ ಟೈಲರಣ್ಣ, ಬಂದ್ರಾ,” ಎಂದಳು ಟೀಚರಮ್ಮ. “ಲಿಫ್ಟಣ್ಣನೂ ಇವತ್ತೇ ಬಂದಿದ್ದಾರೆ ನೋಡಿ.”

“ನಮ್ಮ ಮನೆಯವರು ಮಾತಾಡ್ತಾರೆ,” ಎಂದು ಟೈಲರ ಪಕ್ಕಕ್ಕೆ ಸರಿದ.

ಅವಳು ಕೂತಳು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೋ, ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಪಟ್ಟಿ ಕಟ್ಟಿದ ಕೈಯನ್ನೇ ನೋಡುತ್ತ ಹೇಳಿದಳು. ಅವತ್ತಿನ ಹಲ್ಲು, ಬೇಳೆ, ಸೂಜಿ, ಹೆಸರು ಕಂಡದ್ದು, ಕಂಡೂ ಬರೆದದ್ದು. ರಾಂಗ್ ನಂಬರ್ ಎಂದದ್ದೂ ತಾನೇ ಎಂದಳು. ನಡುವೆ ಬೇಕರಿಯವನು ಒಮ್ಮೆ ಕೆಮ್ಮಿದ, ಕೈಯಿಂದ ಬಾಯಿ ಮುಚ್ಚಿಕೊಂಡ.

ಲಿಫ್ಟಣ್ಣ ಗಡ್ಡ ಕೆರೆದುಕೊಂಡ, ಎಡಗೈಯಿಂದ.

“ಅಕ್ಕಾ, ಒಂದು ಮಾತು ಹೇಳ್ತೀನಿ. ಅದನ್ನ ಓದಿದಾಗ ನನಗೆ ಹಾಯೆನ್ನಿಸ್ತು. ಯಾರಾದ್ರೂ ಹಾಗೆ ಹೇಳಲಿ ಅಂತಾನೇ ಕಾಯ್ತಿದ್ದೆ ಅನ್ಸುತ್ತೆ. ಟೈಲರಣ್ಣನೇ ಹೇಳಿದ್ಮೇಲೆ ಇನ್ನೇನು ಅಂತ ಲಿಫ್ಟು ಕೆಳಗೆ ತಂದು ನಿಲ್ಲಿಸಿ ಹೋದೆ. ಇನ್ನೊಬ್ಬರಿಗೆ ಬರೀಬಹುದಿತ್ತು. ಬರೀಲಿಲ್ಲ.”

“ನನ್ನದೇ ತಪ್ಪು,” ಎಂದಳು ಅವಳು.

“ನಿಮ್ಮದಲ್ಲ ಅಂತ ಹೇಳಲ್ಲ ನಾನು. ಹಾಗೆ ಹೇಳಿದ್ರೆ ನಂದೂ ಅಲ್ಲ ಅಂತಾಗುತ್ತೆ. ಆಮೇಲೆ ನನಗೆ ಮತ್ತೆ ಕುಡಿಯೋಕೆ ದಾರಿ ಆಗುತ್ತೆ.” ಅವನು ಕುತ್ತಿಗೆಯ ಪಟ್ಟಿಯನ್ನು ಸರಿ ಮಾಡಿಕೊಂಡ. “ಕೆಲಸ ಹೋಯ್ತು. ಅದು ನೀವು ಹೇಳಿದ್ರೂ ಬರಲ್ಲ. ಆದ್ರೆ ಟೈಲರಣ್ಣ ಹಾಗೆ ಅಂದ್ರಲ್ಲ ಅನ್ನೋದೇ ಇಲ್ಲಿ, ಎದೇಲಿ, ಕುಟುಕ್ತಿತ್ತು, ಕೈಗಿಂತ ಜಾಸ್ತಿ. ಅದು ಹೋಯ್ತು. ಅಷ್ಟು.”

ಟೈಲರ ಅವಳ ಹಿಂದಿನಿಂದ ಬಗ್ಗಿ, “ನಾಳೆಯಿಂದ ಈ ಫೋನು ನಾನೊಬ್ಬನೇ ನೋಡ್ತೀನಿ,” ಎಂದ.

“ಆಯ್ತಣ್ಣ,” ಎಂದ ಲಿಫ್ಟಣ್ಣ.

ಮಗಳು ಬಂದಾಗ ಮೂವರೂ ಊಟಕ್ಕೆ ಕೂತಿದ್ದರು. ಅಪ್ಪನ ಕಂದು ಅಂಗಿ ಕಂಡು ಅವಳು ಬಾಗಿಲಲ್ಲೇ ನಿಂತಳು. ಅತ್ತೆ ಕೈಸನ್ನೆಯಲ್ಲಿ ಏನೂ ಆಗಿಲ್ಲ, ಕೂತ್ಕೋ ಎಂದಳು. ಕಾಜಾ ಅಕ್ಕ ಬಡಿಸಿದಳು. ಯಾರ ಮುಖವನ್ನೂ ನೋಡದೆ ಬಡಿಸಿದಳು.

“ಅಂಗಡೀಲಿದ್ದ ಆ ದೊಡ್ಡ ಕನ್ನಡಿ,” ಎಂದ ಟೈಲರ ಇದ್ದಕ್ಕಿದ್ದಂತೆ. “ಅದು ಒಡೆದದ್ದು ನಾನೇನಾ?”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು: ಹಿಂದೆ ‘ನಾನೇ ಇರಬೇಕು’ ಎಂದು ಒಪ್ಪಿಕೊಂಡದ್ದನ್ನೆಲ್ಲ ಅವನು ಈಗ ಕೇಳುತ್ತಿದ್ದ.

“ನೀವೇ. ಸ್ಟೂಲು ಎಸೆದಿರಿ.”

“ಸರಿ.” ಅವನು ಒಂದು ತುತ್ತು ಉಂಡ. ನಿರಾಳವಾದವನ ಹಾಗೆ ಕಂಡ. “ಇವಳ ಶಾಲೆ ಕಪ್ಪು? ಓಟದಲ್ಲಿ ಗೆದ್ದದ್ದು?”

“ಅದು ನನ್ನ ಕೈಯಿಂದ ಬಿತ್ತಪ್ಪ,” ಎಂದಳು ಮಗಳು ಸಣ್ಣ ದನಿಯಲ್ಲಿ. “ಅಮ್ಮ ಬೈತಾಳೆ ಅಂತ...”

“ಅಮ್ಮಾ, ನಿನ್ನ ಕನ್ನಡಕ?”

ಅತ್ತೆ ಅನ್ನವನ್ನು ಕಲಸಿದಳು, ಮತ್ತೆ ಕಲಸಿದಳು.

“ನಾನೇ ಅದರ ಮೇಲೆ ಕೂತೆ ಕಣೋ,” ಎಂದಳು. “ಕುಡಿದು ಬಿದ್ದಿದ್ದೆ ನೀನು. ಹೇಳಿದ್ರೆ ಒಪ್ಕೋತೀಯ ಅಂತ ಹೇಳಿದೆ.”

ಮಗಳಿಗೆ ನಗು ತಡೆಯಲಾಗಲಿಲ್ಲ. ಟೈಲರನೂ ನಕ್ಕ. ಕಾಜಾ ಅಕ್ಕ ನಗಬೇಕೆಂದುಕೊಳ್ಳುತ್ತಿರುವಾಗ ಅವನು ಅವಳ ಕಡೆ ತಿರುಗಿದ. ಬೇಳೆ ಬಡಿಸಲು ಚಾಚಿದ ಅವಳ ಕೈ ಅವನ ತಟ್ಟೆಯ ಮೇಲಿತ್ತು. ಮುಂಗೈ ಮೇಲೆ ತಿಳಿ ಬಣ್ಣದ ಒಂದು ಕಲೆ, ಎಲೆಯ ತುದಿಯಷ್ಟು ಚೂಪಾಗಿ.

“ಇದು?” ಎಂದ. “ಇಸ್ತ್ರಿಪೆಟ್ಟಿಗೆ ತಾಗಿದ್ದು ಅಂದಿದ್ದೆಯಲ್ಲ.”

“ಇಸ್ತ್ರಿಪೆಟ್ಟಿಗೆಯೇ.”

“ನಿಜ ಹೇಳು.”

ಮಗಳ ನಗು ನಿಂತಿತು. ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ. ಅತ್ತೆಗೆ ಗೊತ್ತಿತ್ತು, ಗೊತ್ತಿದ್ದೂ ಇಷ್ಟು ವರ್ಷ ಅದೊಂದನ್ನು ಬಾಯಿಗೆ ತಂದಿರಲಿಲ್ಲ. ಕಾಜಾ ಅಕ್ಕ ಶಟರಿನ ಕಡೆ ನೋಡಿದಳು. ಅದು ಇನ್ನೂ ಅವನು ಅರ್ಧ ಎತ್ತಿದ ಹಾಗೇ ಇತ್ತು, ಬಗ್ಗಿದರೆ ಹೋಗಬಹುದಾದಷ್ಟು. ಸೌಟನ್ನು ಪಾತ್ರೆಯಲ್ಲಿ ಇಟ್ಟಳು.

“ಇಸ್ತ್ರಿಪೆಟ್ಟಿಗೆಯೇ ಸುಟ್ಟದ್ದು,” ಎಂದಳು. “ಅದು ನಿಮ್ಮ ಕೈಲಿತ್ತು.”

ಅವನು ಏಳಲಿಲ್ಲ. ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಆ ಕಲೆಯನ್ನು ಮುಟ್ಟಲು ಹೋಗಿ, ಎಂಜಲು ಕೈಯೆಂದು ಹಿಂದೆ ತೆಗೆದುಕೊಂಡ.

“ಮೊದಲಿಂದ ಹೇಳು,” ಎಂದ.

“ಆಮೇಲೆ ಹೇಳ್ತೀನಿ. ಅನ್ನ ಆರುತ್ತೆ.”

“ಆರಲಿ,” ಎಂದ. “ಹೇಳು.”